ಆಸ್ಪತ್ರೆ ಏನು ಕೊಳ್ಳುತ್ತದೆ, ಹೇಗೆ ಕೊಳ್ಳುತ್ತದೆ: ಅದರಲ್ಲಿ ನಮಗೇನು?

ನನ್ನ ಗೆಳೆಯನ ತಂದೆ ತೀರಿಕೊಂಡು ಒಂದು ವರ್ಷವಾಗಿತ್ತು. ಅವರ ಹೆಸರಲ್ಲಿ ಊರಿನ ಸರ್ಕಾರಿ ಆಸ್ಪತ್ರೆಗೆ ಏನಾದರೂ ಕೊಡಬೇಕು ಅಂತ ಮನೆಯವರ ಆಸೆ. ಒಂದು ಲಕ್ಷ ರೂಪಾಯಿ ಎತ್ತಿಟ್ಟಿದ್ದರು. ಒಬ್ಬರು ಎಸಿ ಅಂದರು, ಇನ್ನೊಬ್ಬರು ನೀರಿನ ಫಿಲ್ಟರ್ ಅಂದರು. ಸುಮ್ನೆ ವಾದ ಮಾಡುವುದು ಯಾಕೆ, ಹೋಗಿ ಕೇಳೋಣ ಅಂತ ನಾವಿಬ್ಬರೂ ಆಸ್ಪತ್ರೆಗೆ ಹೋದೆವು.

ಸ್ಟೋರ್ ನೋಡಿಕೊಳ್ಳುವ ಫಾರ್ಮಸಿ ಅಧಿಕಾರಿ ನಮ್ಮನ್ನು ಒಳಗೆ ಕರೆದುಕೊಂಡು ಹೋದರು. ಕಬ್ಬಿಣದ ಬೀರುಗಳು, ಸಲೈನ್ ಬಾಟಲಿಯ ರಟ್ಟಿನ ಡಬ್ಬಗಳು. ಒಂದು ಮೂಲೆಯಲ್ಲಿ ಹಳೇ ಬೆಡ್‌ಶೀಟ್ ಹೊದಿಸಿದ ಒಂದು ಯಂತ್ರ. ಬಟ್ಟೆ ಸರಿಸಿದರೆ ದಾನಿಗಳ ಹೆಸರಿನ ಸ್ಟಿಕ್ಕರ್ ಇನ್ನೂ ಹೊಸದರಂತೆ ಹೊಳೆಯುತ್ತಿತ್ತು. "ಆಕ್ಸಿಜನ್ ಕಾನ್ಸಂಟ್ರೇಟರ್ ಸರ್. ಕೋವಿಡ್ ಟೈಮಲ್ಲಿ ಕೊಟ್ಟಿದ್ದು. ಫಿಲ್ಟರ್ ಸಿಗಲ್ಲ, ರಿಪೇರಿಗೆ ಬರೋರೂ ಇಲ್ಲ" ಅಂದರು.

ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ರೋಗಿಗೆ ಕೊಡುವ ಯಂತ್ರ ಅದು. ಕೊಟ್ಟವರ ಮನಸ್ಸು ಒಳ್ಳೆಯದೇ. ಯಂತ್ರವೂ ಒಳ್ಳೆಯದೇ ಇದ್ದಿರಬೇಕು. ಆದರೆ ಕೊಳ್ಳುವಾಗ ಯಾರೂ ಮುಂದಿನ ಮೂರು ವರ್ಷದ ಬಗ್ಗೆ ಕೇಳಲಿಲ್ಲ. ಆಸ್ಪತ್ರೆಗಳ 'ಸುಸ್ಥಿರ ಖರೀದಿ' ಅಂತ ಈಗ ದೇಶ ವಿದೇಶಗಳಲ್ಲಿ ಮಾತು ನಡೆಯುತ್ತಿರುವುದು ಈ ಪ್ರಶ್ನೆಯ ಸುತ್ತಲೇ.

ಸುಸ್ಥಿರ ಖರೀದಿ ಅಂದರೆ ಏನು?

ಮನೆಗೆ ಮಿಕ್ಸಿ ತರುವುದನ್ನೇ ನೋಡಿ. ಎರಡು ಸಾವಿರಕ್ಕೆ ಒಂದು, ಮೂರೂವರೆ ಸಾವಿರಕ್ಕೆ ಇನ್ನೊಂದು. ಅಗ್ಗದ್ದನ್ನು ತಂದರೆ ಆರು ತಿಂಗಳಿಗೆ ಜಾರ್ ಸೋರುತ್ತದೆ, ವರ್ಷಕ್ಕೆ ಮೋಟಾರ್ ಸುಡುತ್ತದೆ, ಅಂಗಡಿಯವನು "ಇದಕ್ಕೆ ಪಾರ್ಟ್ ಬರಲ್ಲ" ಅನ್ನುತ್ತಾನೆ. ಆಮೇಲೆ ಅದು ಅಟ್ಟ ಸೇರುತ್ತದೆ. ಅನುಭವ ಇರುವ ಅಜ್ಜಿ ಆದರೆ ಬೆಲೆ ಕೇಳುವ ಮೊದಲೇ "ಇದು ಎಷ್ಟು ವರ್ಷ ಬರುತ್ತಪ್ಪಾ? ಕೆಟ್ಟರೆ ರಿಪೇರಿ ಎಲ್ಲಿ?" ಅಂತ ಕೇಳುತ್ತಾರೆ.

ಸುಸ್ಥಿರ ಖರೀದಿ ಅಂದರೆ ಆಸ್ಪತ್ರೆ ಆ ಅಜ್ಜಿಯ ಹಾಗೆ ಕೇಳುವುದು. ಒಂದು ವಸ್ತು ಎಲ್ಲಿ, ಹೇಗೆ ತಯಾರಾಯಿತು, ಬಳಸುವಾಗ ಎಷ್ಟು ಕರೆಂಟು, ನೀರು, ಬಿಡಿಭಾಗ ಬೇಡುತ್ತದೆ, ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ, ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಆಮೇಲೆ ಆರ್ಡರ್ ಕೊಡುವುದು. ರೋಗಿಯ ಸುರಕ್ಷತೆ ಮೊದಲು. ಅದರಲ್ಲಿ ರಾಜಿ ಇಲ್ಲ. ಉಳಿದ ಲೆಕ್ಕ ಅದರ ನಂತರ.

ಆಸ್ಪತ್ರೆಯ ಖರೀದಿಗೆ ಯಾಕಿಷ್ಟು ಮಹತ್ವ?

ಹೊಗೆ ಅಂದ ಕೂಡಲೇ ನಮಗೆ ಕಾರ್ಖಾನೆ, ಲಾರಿ ನೆನಪಾಗುತ್ತವೆ. ಆಸ್ಪತ್ರೆ ನೆನಪಾಗುವುದಿಲ್ಲ. ಆದರೆ 2019ರಲ್ಲಿ 'ಹೆಲ್ತ್ ಕೇರ್ ವಿದೌಟ್ ಹಾರ್ಮ್' ಸಂಸ್ಥೆ ಮತ್ತು ಅರೂಪ್ ಕಂಪನಿ ಸೇರಿ ಮಾಡಿದ ಲೆಕ್ಕದ ಪ್ರಕಾರ, ಭೂಮಿಯನ್ನು ಬಿಸಿ ಮಾಡುವ ಅನಿಲಗಳಲ್ಲಿ ಶೇ 4.4ರಷ್ಟು ಬರುವುದು ಆರೋಗ್ಯ ಕ್ಷೇತ್ರದಿಂದ. ಅದರಲ್ಲೂ ಶೇ 71ರಷ್ಟು ಬರುವುದು ಕೊಂಡು ತರುವ ವಸ್ತುಗಳ ಸರಪಳಿಯಿಂದ. ಔಷಧ, ಉಪಕರಣ, ಊಟ, ಬಟ್ಟೆ, ಅವುಗಳ ತಯಾರಿಕೆ, ಸಾಗಣೆ, ವಿಲೇವಾರಿ ಎಲ್ಲವೂ ಇದರಲ್ಲಿ ಸೇರುತ್ತವೆ. ಅಂದರೆ ಆಸ್ಪತ್ರೆಯವರು ರಾತ್ರಿ ಲೈಟ್ ಆರಿಸಿದ್ದಕ್ಕಿಂತ, ಸ್ಟೋರಿನಲ್ಲಿ ಕೂತು ಬರೆದ ಇಂಡೆಂಟ್, ಅಂದರೆ ಬೇಕಾದ ಸಾಮಾನಿನ ಬೇಡಿಕೆ ಪಟ್ಟಿ, ಜಾಸ್ತಿ ಪರಿಣಾಮ ಮಾಡುತ್ತದೆ.

ಕಸದ ವಿಷಯದಲ್ಲೂ ಹೀಗೇ. ಆಸ್ಪತ್ರೆಯ ಕಸದಲ್ಲಿ ಸುಮಾರು ಶೇ 85ರಷ್ಟು ಮನೆಯ ಕಸದ ಹಾಗೆ ಸಾಮಾನ್ಯ ಕಸ, ಅಪಾಯಕಾರಿಯಾದದ್ದು ಶೇ 15ರಷ್ಟು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಟ್ಟು, ಪ್ಲಾಸ್ಟಿಕ್ ಹೊದಿಕೆ, ಖಾಲಿ ಬಾಟಲಿ. ಇವೆಲ್ಲ ಯಾರೋ ಕೊಂಡು ತಂದಿದ್ದಕ್ಕೇ ಬಂದವು, ಅಲ್ವಾ?

ಎಲ್-ಒನ್ ಎಂಬ ಕಟ್ಟು

ಸರ್ಕಾರಿ ಕಚೇರಿಗಳಲ್ಲಿ ಓಡಾಡಿದವರಿಗೆ 'ಎಲ್-ಒನ್' ಗೊತ್ತಿರುತ್ತದೆ. ಟೆಂಡರ್‌ನಲ್ಲಿ ಎಲ್ಲರಿಗಿಂತ ಕಡಿಮೆ ಬೆಲೆ ಬರೆದವರು ಎಲ್-ಒನ್. ಅವರಿಗೇ ಆರ್ಡರ್. ಕರ್ನಾಟಕದಲ್ಲಿ ಸರ್ಕಾರಿ ಖರೀದಿ ಬಹುಪಾಲು 1999ರ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆಯ ಕೆಳಗೆ ನಡೆಯುತ್ತದೆ. ನಮ್ಮಲ್ಲಿ ಎಲ್ಲರೂ ಇದನ್ನು ಕೆಟಿಪಿಪಿ ಅನ್ನುತ್ತೇವೆ. ಬೇಕಾದವರಿಗೆ ಕದ್ದುಮುಚ್ಚಿ ಆರ್ಡರ್ ಕೊಡುವುದನ್ನು ತಡೆಯಲು ಬಂದ ಕಾನೂನು ಇದು. ಅದರ ಅಗತ್ಯ ನಿಜಕ್ಕೂ ಇತ್ತು.

ಹಾಗಾದರೆ ಅಗ್ಗದ್ದನ್ನೇ ಕೊಳ್ಳಬೇಕಲ್ಲ, ಸುಸ್ಥಿರತೆ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ನಾನೂ ಅದನ್ನೇ ಕೇಳಿದೆ. ಆ ಅಧಿಕಾರಿ ಒಂದು ಹಳೇ ಟೆಂಡರ್ ಪ್ರತಿ ತೆಗೆದು ತೋರಿಸಿದರು. ಅದರಲ್ಲಿ ಒಂದು ಭಾಗಕ್ಕೆ 'ಸ್ಪೆಸಿಫಿಕೇಶನ್' ಅಂತ ಹೆಸರು. ವಸ್ತು ಹೇಗಿರಬೇಕು ಅಂತ ಬರೆಯುವ ಜಾಗ ಅದು. ಎಲ್-ಒನ್ ಯಾರು ಅಂತ ನೋಡುವುದು ಆ ಷರತ್ತುಗಳನ್ನು ದಾಟಿ ಬಂದವರ ಮಧ್ಯೆ ಮಾತ್ರ. ಐದು ವರ್ಷ ಬಿಡಿಭಾಗ ಸಿಗಬೇಕು, ಇಷ್ಟು ದಿನದೊಳಗೆ ರಿಪೇರಿಗೆ ಬರಬೇಕು, ಇಷ್ಟೇ ಕರೆಂಟು ಎಳೆಯಬೇಕು, ಕ್ಲೋರಿನ್ ಇರುವ ಪ್ಲಾಸ್ಟಿಕ್ ಇರಬಾರದು. ಇಂಥದ್ದನ್ನು ಮೊದಲೇ ಬರೆದರೆ ಕಾನೂನೂ ಉಳಿಯುತ್ತದೆ, ಕೆಲಸವೂ ಆಗುತ್ತದೆ. ಬರೆಯದೇ ಬಿಟ್ಟರೆ ಆಮೇಲೆ ಯಾರೂ ಏನೂ ಮಾಡಲು ಬರುವುದಿಲ್ಲ.

ಲ್ಯಾಬ್ ಯಂತ್ರಗಳಲ್ಲಿ ಈ ಕಥೆ ಚೆನ್ನಾಗಿ ಕಾಣುತ್ತದೆ. ರಕ್ತ ಪರೀಕ್ಷೆಯ ಯಂತ್ರ ಕಡಿಮೆ ಬೆಲೆಗೆ ಬರುತ್ತದೆ, ಕೆಲವೊಮ್ಮೆ ಪುಕ್ಕಟೆಯೂ ಬರುತ್ತದೆ. ಆದರೆ ಅದಕ್ಕೆ ಹಾಕುವ ರೀಏಜೆಂಟ್, ಅಂದರೆ ಪರೀಕ್ಷೆಯ ದ್ರಾವಣ, ಅದೇ ಕಂಪನಿಯದ್ದೇ ಆಗಬೇಕು. ಬೇರೆಯದನ್ನು ಯಂತ್ರ ಒಪ್ಪುವುದಿಲ್ಲ. ಪ್ರತಿ ತಿಂಗಳ ಬಿಲ್ಲು ಅಲ್ಲಿ ಶುರುವಾಗುತ್ತದೆ. ದುಡ್ಡು ಬರುವುದು ತಡವಾದ ತಿಂಗಳು ರೀಏಜೆಂಟ್ ಇಲ್ಲ, ಪರೀಕ್ಷೆ ಇಲ್ಲ, ರೋಗಿ ಹೊರಗಿನ ಲ್ಯಾಬ್‌ಗೆ ಚೀಟಿ ಹಿಡಿದು ಹೋಗಬೇಕು.

ಬೇರೆ ದೇಶಗಳು ಇನ್ನೊಂದು ದಾರಿ ಹಿಡಿದಿವೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್, 2022ರ ಏಪ್ರಿಲ್‌ನಿಂದ ಟೆಂಡರ್‌ಗೆ ಕೊಡುವ ಅಂಕಗಳಲ್ಲಿ ಕನಿಷ್ಠ ಶೇ 10ರಷ್ಟನ್ನು ಪರಿಸರ ಮತ್ತು ಸಮಾಜದ ಹಿತಕ್ಕೆ ಮೀಸಲಿಟ್ಟಿದೆ. ಬೆಲೆಗೆ ಅಂಕ ಇದ್ದೇ ಇದೆ, ಜೊತೆಗೆ ಇದಕ್ಕೂ ಅಂಕ.

ಬಟ್ಟೆಯ ಗೌನು, ಬಿಸಾಡುವ ಗೌನು

ಒಟಿಯಲ್ಲಿ, ಅಂದರೆ ಆಪರೇಷನ್ ಕೋಣೆಯಲ್ಲಿ, ಡಾಕ್ಟರ್ ಹಾಕಿಕೊಳ್ಳುವ ಗೌನನ್ನೇ ತೆಗೆದುಕೊಳ್ಳೋಣ. ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು. ನಿಮ್ಮ ಊರಿನ ಬೆಲೆ ಬೇರೆ ಇರಬಹುದು.

ಒಮ್ಮೆ ಹಾಕಿ ಬಿಸಾಡುವ ಗೌನು 90 ರೂಪಾಯಿ. ಬಟ್ಟೆಯ ಗೌನು 700 ರೂಪಾಯಿ. ಬೆಲೆ ಪಟ್ಟಿ ನೋಡಿದರೆ ಬಿಸಾಡುವುದೇ ಅಗ್ಗ. ಬಟ್ಟೆಯದ್ದು 70 ಸಲ ಬಳಕೆಗೆ ಬರುತ್ತದೆ, ಒಗೆದು ಆಟೋಕ್ಲೇವ್ ಮಾಡಲು, ಅಂದರೆ ಒತ್ತಡದ ಬಿಸಿ ಹಬೆಯಲ್ಲಿ ರೋಗಾಣು ಕೊಲ್ಲಲು, ಸಲಕ್ಕೆ 35 ರೂಪಾಯಿ ಅಂದುಕೊಳ್ಳಿ. ಆಗ 70 ಆಪರೇಷನ್‌ಗೆ ಬಿಸಾಡುವ ಗೌನಿಗೆ 6,300 ರೂಪಾಯಿ. ಬಟ್ಟೆಯದ್ದಕ್ಕೆ 700 ಮತ್ತು 2,450, ಒಟ್ಟು 3,150. ಸರಿಯಾಗಿ ಅರ್ಧ. ಬಿಸಾಡಿದ 70 ಗೌನುಗಳನ್ನು ಸಾಗಿಸಿ ಸುಡುವ ಖರ್ಚನ್ನು ನಾನು ಸೇರಿಸಿಯೇ ಇಲ್ಲ.

ಹೀಗೆ ಒಂದು ವಸ್ತುವಿನ ಇಡೀ ಆಯಸ್ಸಿನ ಖರ್ಚನ್ನು ಕೂಡಿ ನೋಡುವುದಕ್ಕೆ ಜೀವಿತಾವಧಿ ವೆಚ್ಚ ಅನ್ನುತ್ತಾರೆ. ಸುಸ್ಥಿರ ಖರೀದಿಯ ಬೆನ್ನೆಲುಬು ಈ ಲೆಕ್ಕ.

ಆದರೆ ಒಂದು ಎಚ್ಚರ. ಒಗೆಯುವ ಜಾಗ ಸರಿಯಿಲ್ಲದ, ನೀರಿಗೆ ತತ್ವಾರ ಇರುವ, ಆಟೋಕ್ಲೇವ್ ಕೆಟ್ಟು ಕೂತ ಆಸ್ಪತ್ರೆಗೆ ಬಟ್ಟೆಯ ಗೌನು ಕೊಟ್ಟರೆ ಸೋಂಕನ್ನು ಕೊಟ್ಟ ಹಾಗೆ. ಮತ್ತೆ, ಸೂಜಿ ಸಿರಿಂಜಿನ ಮಾತೇ ಬೇರೆ. ಅದು ಒಮ್ಮೆ ಬಳಸಿ ನಾಶ ಮಾಡಬೇಕಾದದ್ದೇ. ಸುಸ್ಥಿರತೆಯ ಹೆಸರಲ್ಲಿ ಅದನ್ನು ಮತ್ತೆ ಬಳಸುವ ಪ್ರಶ್ನೆಯೇ ಬರುವುದಿಲ್ಲ.

ಮದುರೈ ತೋರಿಸಿದ ದಾರಿ

ಮರುಬಳಕೆ ಅಂದರೆ ಬಡವರ ಅನಿವಾರ್ಯ, ಗುಣಮಟ್ಟ ಕಡಿಮೆ ಅಂತ ಬಹಳ ಜನ ತಿಳಿದಿದ್ದಾರೆ. ಅವರಿಗೆ ಉತ್ತರ ಪಕ್ಕದ ರಾಜ್ಯದಲ್ಲೇ ಇದೆ.

ಮದುರೈನ ಅರವಿಂದ್ ಕಣ್ಣಿನ ಆಸ್ಪತ್ರೆಯನ್ನು ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಗಳಿಂದ ಶುರು ಮಾಡಿದರು. ಇಂದು ಅದು ಜಗತ್ತಿನಲ್ಲೇ ಅತಿ ಹೆಚ್ಚು ಕಣ್ಣಿನ ಆಪರೇಷನ್ ಮಾಡುವ ಸಂಸ್ಥೆಗಳಲ್ಲಿ ಒಂದು. ಅಲ್ಲಿನ ಒಂದು ಪೊರೆ ಆಪರೇಷನ್‌ನಿಂದ ಎಷ್ಟು ಇಂಗಾಲ ಗಾಳಿಗೆ ಸೇರುತ್ತದೆ ಅಂತ ಸಂಶೋಧಕರು ಅಳೆದು 2017ರಲ್ಲಿ ಪ್ರಕಟಿಸಿದರು. ಸುಮಾರು 6 ಕಿಲೋ. ಬ್ರಿಟನ್ನಿನಲ್ಲಿ ಅದೇ ಆಪರೇಷನ್‌ಗೆ ಆಗುವುದರ ಇಪ್ಪತ್ತನೇ ಒಂದು ಭಾಗ.

ಹೇಗೆ ಸಾಧ್ಯವಾಯಿತು? ಒಂದೇ ಕೋಣೆಯಲ್ಲಿ ಪಕ್ಕಪಕ್ಕ ಎರಡು ಟೇಬಲ್. ಒಂದು ಕಣ್ಣು ಮುಗಿದ ಕೂಡಲೇ ಡಾಕ್ಟರ್ ಮೈಕ್ರೋಸ್ಕೋಪನ್ನು ಆಚೆ ಟೇಬಲ್ಲಿಗೆ ತಿರುಗಿಸುತ್ತಾರೆ. ಅಲ್ಲಿ ಮುಂದಿನವರು ತಯಾರಾಗಿ ಮಲಗಿರುತ್ತಾರೆ. ಉಪಕರಣಗಳು ಲೋಹದವು, ಬೇಗ ಸ್ಟೆರಿಲೈಸ್ ಆಗಿ ಬರುತ್ತವೆ. ಬೇರೆ ಕಡೆ ಒಬ್ಬ ರೋಗಿಗೆ ಒಡೆದು ಮಿಕ್ಕದ್ದನ್ನು ಚೆಲ್ಲುವ ಕಣ್ಣಿನ ಹನಿಯ ಬಾಟಲಿ ಅಲ್ಲಿ ಎಚ್ಚರಿಕೆಯಿಂದ ಹಲವರಿಗೆ ಬಳಕೆಯಾಗುತ್ತದೆ. ಕಣ್ಣಿನೊಳಗೆ ಕೂರಿಸುವ ಲೆನ್ಸ್ ಬೆಲೆ ಆಗ ಕೈಗೆಟುಕುತ್ತಿರಲಿಲ್ಲ. ಅದನ್ನು ತಯಾರಿಸಲು 1992ರಲ್ಲಿ ಅರೋಲ್ಯಾಬ್ ಅಂತ ಒಂದು ಘಟಕವನ್ನೇ ಶುರು ಮಾಡಿದರು. ಇಷ್ಟೆಲ್ಲ ಮಾಡಿಯೂ ಅಲ್ಲಿನ ಸೋಂಕಿನ ಪ್ರಮಾಣ ಶ್ರೀಮಂತ ದೇಶಗಳ ಆಸ್ಪತ್ರೆಗಳಿಗಿಂತ ಜಾಸ್ತಿ ಇಲ್ಲ. ನನಗಂತೂ ಇದು ದೊಡ್ಡ ಹೆಮ್ಮೆಯ ವಿಷಯ.

ಒಡೆದ ಥರ್ಮಾಮೀಟರ್ ಎಲ್ಲಿಗೆ ಹೋಗುತ್ತಿತ್ತು?

ಚಿಕ್ಕವರಿದ್ದಾಗ ಥರ್ಮಾಮೀಟರ್ ಒಡೆದು ಬೆಳ್ಳಿಯ ಗುಂಡುಗಳು ನೆಲದ ಮೇಲೆ ಓಡಾಡಿದ್ದನ್ನು ನಮ್ಮಲ್ಲಿ ಎಷ್ಟೋ ಜನ ಬೆರಳಲ್ಲಿ ಆಡಿಸಿದ್ದೇವೆ. ಅದು ಪಾದರಸ. ಒಂದು ಥರ್ಮಾಮೀಟರಿನಲ್ಲಿ ಒಂದು ಗ್ರಾಂ ಆಸುಪಾಸು. ಬಿಪಿ ನೋಡುವ ಹಳೇ ಉದ್ದನೆಯ ಪೆಟ್ಟಿಗೆಯಲ್ಲಿ ಅದರ ಹತ್ತಾರು ಪಟ್ಟು. ಅದು ಆವಿಯಾಗಿ ಉಸಿರಿಗೆ ಸೇರುತ್ತದೆ. ಚರಂಡಿ ಸೇರಿ ಕೆರೆಗೆ ಹೋದರೆ ಸೂಕ್ಷ್ಮಜೀವಿಗಳು ಅದನ್ನು ಇನ್ನೂ ಘೋರ ವಿಷವಾಗಿ ಬದಲಿಸುತ್ತವೆ. ಅದು ಮೀನಿಗೆ, ಮೀನಿನಿಂದ ಮನುಷ್ಯನಿಗೆ. ಜಪಾನಿನ ಮಿನಮಾಟಾ ಊರಿನಲ್ಲಿ ಪಾದರಸದ ವಿಷ ಸೇರಿದ ಮೀನು ತಿಂದು ಸಾವಿರಾರು ಜನ ನರಳಿದರು. ನಮ್ಮ ಕೊಡೈಕನಾಲ್‌ನಲ್ಲಿದ್ದ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿದ್ದೂ ಪಾದರಸದ ಮಾಲಿನ್ಯದ ಕಾರಣಕ್ಕೇ.

2013ರಲ್ಲಿ ಮಿನಮಾಟಾ ಹೆಸರಲ್ಲೇ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಭಾರತ 2018ರಲ್ಲಿ ಅದನ್ನು ಅಂಗೀಕರಿಸಿತು. ಪಾದರಸದ ಥರ್ಮಾಮೀಟರ್, ಬಿಪಿ ಯಂತ್ರಗಳ ತಯಾರಿಕೆ ಮತ್ತು ವ್ಯಾಪಾರ ನಿಲ್ಲಿಸಲು ಒಪ್ಪಂದ 2020ರ ಗಡುವು ಹಾಕಿತು. ಕಾಲಾವಕಾಶ ಕೇಳುವ ದೇಶಗಳಿಗೆ ಅದಕ್ಕೂ ದಾರಿ ಇಟ್ಟಿತು. ಇಲ್ಲಿ ಬದಲಾವಣೆ ಮಾಡಬೇಕಾದವರು ಡಾಕ್ಟರ್ ಅಲ್ಲ, ಕಸ ಎತ್ತುವವರೂ ಅಲ್ಲ. ಸ್ಟೋರಿನವರು ಇಂಡೆಂಟ್‌ನಲ್ಲಿ 'ಡಿಜಿಟಲ್' ಅಂತ ಬರೆದರೆ ಸಾಕಿತ್ತು.

ಹಳದಿ ಚೀಲ, ಕೆಂಪು ಚೀಲ

ವಾರ್ಡಿನ ಮೂಲೆಯಲ್ಲಿ ಬಣ್ಣಬಣ್ಣದ ಬುಟ್ಟಿ ನೋಡಿರುತ್ತೀರಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ರಕ್ತ ಅಂಟಿದ ಹತ್ತಿ, ದೇಹದ ಭಾಗ ಹಳದಿಗೆ. ಡ್ರಿಪ್ ಸೆಟ್, ನಳಿಕೆ, ಗ್ಲೌಸ್ ಕೆಂಪಿಗೆ. ಸೂಜಿ ಬಿಳಿಗೆ, ಗಾಜು ನೀಲಿಗೆ. ಹಳದಿಯದ್ದು ಮುಖ್ಯವಾಗಿ ಸುಡುವುದಕ್ಕೆ ಹೋಗುತ್ತದೆ. ಕೆಂಪಿನದ್ದು ಬಿಸಿ ಹಬೆಯಲ್ಲಿ ಶುದ್ಧವಾಗಿ, ಚೂರಾಗಿ, ಮರುಬಳಕೆಗೆ.

ಪಿವಿಸಿಯಂತಹ ಕ್ಲೋರಿನ್ ಇರುವ ಪ್ಲಾಸ್ಟಿಕ್ ತಪ್ಪಿ ಹಳದಿಗೆ ಬಿದ್ದು ಸರಿಯಾಗಿ ಉರಿಯದಿದ್ದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಕ್ಯಾನ್ಸರ್ ತರುವಂಥದ್ದು. ಅದಕ್ಕೇ ಕ್ಲೋರಿನ್ ಇರುವ ಪ್ಲಾಸ್ಟಿಕ್ ಚೀಲ ಮತ್ತು ಗ್ಲೌಸ್‌ಗಳನ್ನು 2019ರ ಮಾರ್ಚ್ ಒಳಗೆ ಬಿಡಬೇಕು ಅಂತ ನಿಯಮ ತಿದ್ದಿದರು. ರಕ್ತದ ಚೀಲಕ್ಕೆ ಮಾತ್ರ ವಿನಾಯಿತಿ. ಬುಟ್ಟಿಯ ಹತ್ತಿರ ನಿಂತ ಆಯಾ ಎಷ್ಟು ಎಚ್ಚರ ವಹಿಸಿದರೂ, ಚೀಲವೇ ಪಿವಿಸಿಯದ್ದಾದರೆ ಆಕೆ ಏನು ಮಾಡಿಯಾಳು? ತಪ್ಪು ಆರ್ಡರ್ ಕೊಟ್ಟ ದಿನವೇ ಆಗಿಹೋಗಿರುತ್ತದೆ.

ಕಣ್ಣಿಗೆ ಕಾಣದ ಹೊಗೆ

ಆಪರೇಷನ್‌ಗಾಗಿ ಪ್ರಜ್ಞೆ ತಪ್ಪಿಸುವ ಅನಿಲಗಳಲ್ಲಿ ಡೆಸ್‌ಫ್ಲುರೇನ್ ಒಂದು. ರೋಗಿ ಉಸಿರಾಡಿದ ಮೇಲೆ ಅದರ ಬಹುಪಾಲು ಕೊಳವೆಯಲ್ಲಿ ಹೊರಗಿನ ಗಾಳಿಗೆ ಹೋಗುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದರ ಒಂದು ಕಿಲೋ, ಇಂಗಾಲದ ಡೈಆಕ್ಸೈಡಿನ ಎರಡೂವರೆ ಸಾವಿರ ಕಿಲೋದಷ್ಟು ಬಿಸಿ ಹಿಡಿಯುತ್ತದೆ. ಅದೇ ಕೆಲಸ ಮಾಡುವ ಸೆವೋಫ್ಲುರೇನ್‌ನ ಪರಿಣಾಮ ಅದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಸ್ಕಾಟ್ಲೆಂಡ್ 2023ರಲ್ಲಿ ತನ್ನ ಸರ್ಕಾರಿ ಆಸ್ಪತ್ರೆಗಳಲ್ಲಿ ಡೆಸ್‌ಫ್ಲುರೇನ್ ನಿಲ್ಲಿಸಿತು. ಯುರೋಪ್ ಒಕ್ಕೂಟ 2026ರ ಜನವರಿ 1ರಿಂದ, ಬೇರೆ ದಾರಿಯೇ ಇಲ್ಲದ ರೋಗಿಗಳನ್ನು ಬಿಟ್ಟು, ಅದನ್ನು ನಿಷೇಧಿಸಿದೆ.

ದಮ್ಮಿನ ಇನ್‌ಹೇಲರ್‌ಗಳಲ್ಲೂ ಈ ವ್ಯತ್ಯಾಸ ಇದೆ. ಒತ್ತಿದರೆ ಸ್ಪ್ರೇ ಆಗುವುದರಲ್ಲಿ ಔಷಧವನ್ನು ತಳ್ಳಲು ಒಂದು ಅನಿಲ ಇರುತ್ತದೆ, ಅದು ಭೂಮಿಯನ್ನು ಬಿಸಿ ಮಾಡುವಂಥದ್ದು. ಪುಡಿಯ ಕ್ಯಾಪ್ಸೂಲ್ ಹಾಕಿ ಎಳೆಯುವುದರಲ್ಲಿ ಅದು ಇಲ್ಲ. ನಮ್ಮಲ್ಲಿ ಪುಡಿಯದ್ದು ಬಹಳ ಕಾಲದಿಂದ ಬಳಕೆಯಲ್ಲಿದೆ. ಹಾಗಂತ ಯಾರೂ ತಾವಾಗಿಯೇ ಇನ್‌ಹೇಲರ್ ಬದಲಿಸಬೇಡಿ. ಮಕ್ಕಳಿಗೆ, ಉಸಿರೆಳೆಯಲು ಆಗದವರಿಗೆ ಸ್ಪ್ರೇ ಬೇಕೇ ಬೇಕು. ಡಾಕ್ಟರ್ ಹೇಳಿದ್ದೇ ಕೊನೆ ಮಾತು.

ಮಾತ್ರೆ ತಯಾರಾಗುವ ಊರು

ಬೀದರ್ ಕಡೆಯವರು ಜಹೀರಾಬಾದ್ ಮೇಲೆ ಹೈದರಾಬಾದಿಗೆ ಹೋಗುವಾಗ ಪಟಾನ್‌ಚೆರು ದಾಟುತ್ತಾರೆ. ಔಷಧ ಕಾರ್ಖಾನೆಗಳ ಊರು. 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಅಲ್ಲಿ ಕಾರ್ಖಾನೆಗಳ ಕೊಳಚೆ ಶುದ್ಧಿ ಮಾಡುವ ಘಟಕದಿಂದ ಹೊರಬರುವ ನೀರನ್ನು ಪರೀಕ್ಷಿಸಿದರು. ಒಂದು ಲೀಟರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೋಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಸಿಕ್ಕಿತು. ಆ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಜಾಸ್ತಿ. ಅದೂ ಶುದ್ಧಿ ಮಾಡಿದ ನೀರಿನಲ್ಲಿ. ಇಂಥ ನೀರಿನಲ್ಲಿ ಬದುಕಿ ಉಳಿಯುವ ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗದಂತೆ ಗಟ್ಟಿಯಾಗುತ್ತದೆ. ಮುಂದೆ ಅದು ಯಾರ ಮೈ ಸೇರಿದರೂ ಮಾತ್ರೆ ಕೆಲಸ ಮಾಡದಿರಬಹುದು.

ಈ ಮಾತ್ರೆಗಳಲ್ಲಿ ಬಹಳಷ್ಟು ಹೊರದೇಶದ ಆಸ್ಪತ್ರೆಗಳಿಗೆ ಹೋಗುತ್ತವೆ. ನಾರ್ವೆಯ ಆಸ್ಪತ್ರೆಗಳ ಖರೀದಿ ಸಂಸ್ಥೆ 2019ರಲ್ಲಿ ಆಂಟಿಬಯಾಟಿಕ್ ಟೆಂಡರ್‌ನಲ್ಲಿ ಶೇ 30ರಷ್ಟು ಅಂಕವನ್ನು ಪರಿಸರಕ್ಕೆ ಇಟ್ಟಿತು. ಸಾವಿರಾರು ಮೈಲಿ ಆಚೆ ಕೂತು ಬರೆದ ಒಂದು ಷರತ್ತು ಇಲ್ಲಿನ ಹಳ್ಳದ ನೀರಿಗೆ ಸಂಬಂಧ ಪಡುತ್ತದೆ. ಅಷ್ಟು ದೂರದವರು ಕೇಳಬಹುದಾದ ಪ್ರಶ್ನೆಯನ್ನು, ಅದೇ ನೀರಿನ ಹತ್ತಿರ ಇರುವ ನಾವು ಇನ್ನೂ ಗಟ್ಟಿಯಾಗಿ ಕೇಳಬೇಕಲ್ಲವೇ?

ಜಾಸ್ತಿ ಕೊಂಡರೂ ಕಷ್ಟ

ಅವಧಿ ಮೀರಿದ ಔಷಧ ಅಂದರೆ ದುಡ್ಡು ಎರಡು ಸಲ ಹೋದ ಹಾಗೆ. ಒಮ್ಮೆ ಕೊಳ್ಳಲು, ಇನ್ನೊಮ್ಮೆ ಸುಡಲು. ಇದಕ್ಕೆ ತಮಿಳುನಾಡು 1990ರ ದಶಕದಲ್ಲೇ ಒಂದು ಉಪಾಯ ಮಾಡಿತು. ಅಲ್ಲಿನ ವೈದ್ಯಕೀಯ ಸೇವಾ ನಿಗಮ ಪ್ರತಿ ಆಸ್ಪತ್ರೆಗೂ ಬ್ಯಾಂಕಿನ ಹಾಗೆ ಒಂದು ಪಾಸ್‌ಬುಕ್ ಕೊಟ್ಟಿತು. ವರ್ಷಕ್ಕೆ ಇಷ್ಟು ಮೊತ್ತ. ಬೇಕಾದ ಔಷಧವನ್ನು ಬೇಕಾದಾಗ ಜಿಲ್ಲಾ ಗೋದಾಮಿನಿಂದ ತಂದರೆ ಅಷ್ಟು ಕಡಿಮೆಯಾಗುತ್ತದೆ. ಮೇಲಿನಿಂದ ಬಂದದ್ದನ್ನು ತುಂಬಿಕೊಂಡು ಕೂರುವ ಗೋಳು ಇಲ್ಲ. ನಮ್ಮಲ್ಲಿಯೂ ಈಗ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ರಾಜ್ಯಕ್ಕೆಲ್ಲ ಒಟ್ಟಿಗೆ ಕೊಂಡು ಗೋದಾಮುಗಳ ಮೂಲಕ ಹಂಚುತ್ತದೆ.

ನಮ್ಮ ಸ್ಟೋರಿನ ಅಧಿಕಾರಿ ಬೀರುವಿನಲ್ಲಿ ಮೊದಲು ಅವಧಿ ಮುಗಿಯುವ ಡಬ್ಬಗಳನ್ನು ಮುಂದೆ, ತಡವಾಗಿ ಮುಗಿಯುವವನ್ನು ಹಿಂದೆ ಜೋಡಿಸಿದ್ದರು. ಪ್ರತಿ ಡಬ್ಬದ ಮೇಲೂ ತಿಂಗಳನ್ನು ಕೆಂಪು ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದಿದ್ದರು. ಹತ್ತು ರೂಪಾಯಿಯ ಪೆನ್ನು ಎಷ್ಟು ಔಷಧ ಉಳಿಸಿತ್ತೋ.

ನಾವು ಎಲ್ಲಿ ಬರುತ್ತೇವೆ?

ಸರ್ಕಾರಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರೋಗ್ಯ ರಕ್ಷಾ ಸಮಿತಿ ಅಂತ ಇರುತ್ತದೆ. ಜನಪ್ರತಿನಿಧಿಗಳ, ಅಧಿಕಾರಿಗಳ ಜೊತೆ ಊರಿನವರೂ ಅದರಲ್ಲಿ ಕೂರುತ್ತಾರೆ. ಸ್ಥಳೀಯವಾಗಿ ಕೊಳ್ಳುವ ಎಷ್ಟೋ ವಸ್ತುಗಳ ತೀರ್ಮಾನ ಅಲ್ಲಿ ಆಗುತ್ತದೆ. ನೀವು ಸದಸ್ಯರಾಗಿದ್ದರೆ ಕೊಟೇಶನ್ ಮೇಜಿನ ಮೇಲೆ ಬಂದಾಗ ಬೆಲೆಯ ಜೊತೆ ಇದನ್ನೂ ಕೇಳಿ: ವಾರಂಟಿ ಮುಗಿದ ಮೇಲೆ ನೋಡಿಕೊಳ್ಳುವವರು ಯಾರು? ಇದಕ್ಕೆ ಪದೇ ಪದೇ ಏನೇನು ಕೊಳ್ಳಬೇಕು, ಆ ದುಡ್ಡು ಯಾವ ಖಾತೆಯಿಂದ? ಕೆಟ್ಟ ಮೇಲೆ ವಾಪಸ್ ತೆಗೆದುಕೊಳ್ಳುತ್ತಾರಾ?

ದಾನ ಕೊಡುವವರಿಗೂ ಇವೇ ಪ್ರಶ್ನೆ. ಕೊಡುವ ಮೊದಲು ಸ್ಟೋರಿಗೆ ಹೋಗಿ, ಸ್ಟಾಫ್ ನರ್ಸ್ ಹತ್ತಿರ ಮಾತಾಡಿ.

ನಾವು ಆ ದಿನ ಎಸಿ, ಫಿಲ್ಟರ್ ಎರಡನ್ನೂ ಕೇಳಿದೆವು. ಅಧಿಕಾರಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ತಪ್ಪು ತಿಳಿಬೇಡಿ. ಫಿಲ್ಟರ್ ಕೊಟ್ಟರೆ ಕ್ಯಾಂಡಲ್ ಬದಲಿಸೋಕೆ ಮೂರು ವರ್ಷದ ದುಡ್ಡೂ ಕೊಡಬೇಕಾಗುತ್ತೆ. ಹೆರಿಗೆ ವಾರ್ಡಿಗೆ ದಪ್ಪ ಕಾಟನ್ ಬೆಡ್‌ಶೀಟ್ ಬೇಕು. ಒಟಿಗೆ ಆಟೋಕ್ಲೇವ್‌ನಲ್ಲಿ ಇಡೋ ಸ್ಟೀಲ್ ಡ್ರಮ್ ಬೇಕು. ಇರೋದರ ಮುಚ್ಚಳ ಕೂರಲ್ಲ" ಅಂದರು.

ಗೆಳೆಯ ಅಲ್ಲೇ ನಿಂತು ಮನೆಗೆ ಫೋನ್ ಮಾಡಿದ. ಅವರಮ್ಮ ಕೇಳಿದ್ದು ಒಂದೇ ಮಾತು: "ಬೆಡ್‌ಶೀಟ್ ಎಷ್ಟು ಒಗೆತ ತಡೆಯುತ್ತಂತೆ?"